ಕೊಬ್ಬಿದ ಹಸುವಿನ ಮೈ ಇಳಿಸುವುದು ಯಾವಾಗ?



"ನೋಡಿ ಡಾಕ್ಟ್ರೇ, ಹೆಂಗೆ ಗುಂಡಗಿದೆ!" ಎಂದು ಹೆಮ್ಮೆಯಿಂದ ತೋರಿಸಿದ ಗಬ್ಬದ ಹಸುವೇ ಕರು ಹಾಕಿದ ಕೆಲವೇ ದಿನಗಳಲ್ಲಿ ತಿನ್ನದೆ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅತಿಯಾಗಿ ಕೊಬ್ಬಿದ ಹಸು ಕರು ಹಾಕಿದ ಮೇಲೆ ಕಡಿಮೆ ತಿನ್ನುತ್ತದೆ. ಹಾಲಿಗೆ ಬೇಕಾದ ಶಕ್ತಿಗಾಗಿ ಮೈಯ ಕೊಬ್ಬು ಒಮ್ಮೆಲೇ ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ಕೀಟೋಸಿಸ್ ಬರುವುದು ಹೀಗೆ.

ಹಾಗೆಂದು ಹಾಲು ಬತ್ತಿಸಿದ ಕೊನೆಯ 60 ದಿನಗಳಲ್ಲಿ ಮೇವು ಕಡಿತ ಮಾಡಿ ಸಣ್ಣ ಮಾಡಲು ಹೋಗಬೇಡಿ. ಹೊಟ್ಟೆಯ ಕರು ಬೆಳೆಯುವ ಕಾಲವದು. ಅರೆಹೊಟ್ಟೆ ಕಟ್ಟಿದರೆ ಅದೇ ಕಾಯಿಲೆಯನ್ನು ಕರೆದಂತೆ. ಮೈ ಇಳಿಸುವುದಿದ್ದರೆ ಇನ್ನೂ ಹಾಲು ಕರೆಯುತ್ತಿರುವಾಗ, ಗಬ್ಬದ ಐದಾರನೇ ತಿಂಗಳಲ್ಲಿ ಇಳಿಸಬೇಕು. ಪಕ್ಕೆಯ ಮೇಲೆ ಅಂಗೈ ಒತ್ತಿ ನೋಡಿ. ಎಲುಬು ಕೈಗೆ ಸಿಗದೆ, ಬಾಲದ ಬುಡದ ಗುಳಿಯೂ ತುಂಬಿದ್ದರೆ ಪಶು ಆಹಾರವನ್ನು ಹಾಲಿಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ. ಹುಲ್ಲು, ಹಸಿರು ಮೇವು, ಖನಿಜ ಮಿಶ್ರಣ ಮಾತ್ರ ತಪ್ಪಿಸಬೇಡಿ.

ಜೊತೆಗೆ ಕಣ್ಣಿ ಬಿಚ್ಚಿ ಬೆಳಗ್ಗೆ, ಸಂಜೆ ಅಡ್ಡಾಡಿಸಿ. ರಾಸಿಗೂ ಖುಷಿ, ಹಗ್ಗ ಹಿಡಿದು ಹೋಗುವವರ ಹೊಟ್ಟೆಯೂ ಕರಗೀತು. (ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ಕರು ಹಾಕಿದ ಹಸು ಪಶು ಆಹಾರ ಬಿಟ್ಟು ಬರೀ ಹುಲ್ಲು ಕಡಿಯತೊಡಗಿದರೆ, ಹಾಲು ಇಳಿದರೆ, ನಾಳೆ ನೋಡೋಣ ಎನ್ನದೆ ಅಂದೇ ಸಂಘದ ಕಾರ್ಯದರ್ಶಿಗೆ ತಿಳಿಸಿ, ವೈದ್ಯರನ್ನು ಕರೆಸಿ.