ಸಂಗೀತ ಮದ್ದೋ, ಬಡಿಗೆಯೋ?

ಲೋಕಿಕೆರೆ ಕಡೆಯ ಅಜ್ಜ ಒಬ್ಬರು ಈಚೆಗೆ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ರಕ್ತದೊತ್ತಡ 170/100 ಇತ್ತು. ಮಾತ್ರೆ ತಪ್ಪಿಸುವವರಲ್ಲ. "ಏನಾಯ್ತು ಅಜ್ಜಾರೇ?" ಎಂದು ಕೇಳಿದೆ.

"ನಾಕು ದಿನದಿಂದ ಕಣ್ಣಿಗೆ ನಿದ್ದಿ ಹತ್ತಿಲ್ಲ ಡಾಕ್ಟ್ರೇ. ಮನಿಯಾಕಿ ಆಸ್ಪತ್ರೆನಾಗೆ ಅದಾಳೆ. ರಾತ್ರಿ ಹೆಂಗಸರ ವಾರ್ಡಿನಾಗೆ ನಮ್ಮನ್ನ ಬಿಡಂಗಿಲ್ಲ. ಬಸ್ ಸ್ಟ್ಯಾಂಡಿನಾಗೆ ಮಲಗಿದ್ರೆ ತಾಸಿಗೊಂದ್ಸಲ ಬಂದು ಬೆಂಚಿಗೆ ಕೋಲು ಬಡೀತಾರೆ" ಎಂದರು.

ಯಾವ ಊರಿನ ನಿಲ್ದಾಣ ಎಂಬುದು ಇಲ್ಲಿ ಮುಖ್ಯವಲ್ಲ. ನಿಲ್ದಾಣದಲ್ಲಿ ಸುಮ್ಮನೆ ಕುಳಿತವರನ್ನು ಎಬ್ಬಿಸಿ ಕಳುಹಿಸಲು ನಮ್ಮ ಕಡೆ ಕೋಲು ಬಳಸುತ್ತಾರೆ. ಕೆಲವು ಹೊರದೇಶಗಳಲ್ಲಿ ಅದೇ ಕೆಲಸಕ್ಕೆ ಶಾಸ್ತ್ರೀಯ ಸಂಗೀತವನ್ನು ಬಳಸುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಲಂಡನ್ನಿನ ಪ್ರಯೋಗ

2003ರಲ್ಲಿ ಲಂಡನ್ ನಗರದ ಎಲ್ಮ್ ಪಾರ್ಕ್ ರೈಲು ನಿಲ್ದಾಣದಲ್ಲಿ ಗುಂಪುಗೂಡಿ ಗಲಾಟೆ ಮಾಡುವ ಹುಡುಗರನ್ನು ಚದುರಿಸಲು ಧ್ವನಿವರ್ಧಕದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಲು ಆರಂಭಿಸಿದರು. ಅಲ್ಲಿ ದರೋಡೆ ಶೇ. 33ರಷ್ಟು, ಸಿಬ್ಬಂದಿಯ ಮೇಲಿನ ಹಲ್ಲೆ ಶೇ. 25ರಷ್ಟು ಕಡಿಮೆಯಾಯಿತೆಂದು ಪತ್ರಿಕೆಗಳಲ್ಲಿ ಬಂತು. ಬಳಿಕ ಇತರ ನಿಲ್ದಾಣಗಳಿಗೂ ಈ ಏರ್ಪಾಡು ಹಬ್ಬಿತು.

ಇದು ಹೇಗೆ ಕೆಲಸ ಮಾಡುತ್ತದೆ? ನಿಮ್ಮ ಮನೆಯಲ್ಲೇ ನೋಡಿರಬಹುದು. ರೇಡಿಯೋದಲ್ಲಿ ಸಿನಿಮಾ ಹಾಡು ಮುಗಿದು ನಿಧಾನಗತಿಯ ಆಲಾಪ ಶುರುವಾದರೆ ಅಜ್ಜ ಕಣ್ಣು ಮುಚ್ಚಿ ತಲೆದೂಗುತ್ತಾರೆ, ಮೊಮ್ಮಗ ಚಪ್ಪಲಿ ಮೆಟ್ಟಿ ಹೊರಗೆ ಜಾರುತ್ತಾನೆ. ಸಂಗೀತ ಒಂದೇ, ಕೇಳುವ ಮನಸ್ಸು ಬೇರೆ. ಇಷ್ಟವಾದದ್ದು ದೇಹವನ್ನು ಸಡಿಲಗೊಳಿಸುತ್ತದೆ. ಇಷ್ಟವಿಲ್ಲದ್ದನ್ನು ಒತ್ತಾಯದಿಂದ ಕೇಳಿಸಿದರೆ ಮನಸ್ಸು ಕಿರಿಕಿರಿಗೊಂಡು ಜಾಗ ಬಿಡಲು ನೋಡುತ್ತದೆ.

ಆದರೆ ವೈದ್ಯನಾದ ನನಗೆ ಒಂದು ಅನುಮಾನ. ಹೊಸ ಔಷಧಿ ಪರೀಕ್ಷಿಸುವಾಗ ಔಷಧಿ ಕೊಡದ ಇನ್ನೊಂದು ಗುಂಪನ್ನೂ ಇಟ್ಟು ಹೋಲಿಸುತ್ತೇವೆ. ಇಲ್ಲಿಯೂ ಹಾಗೆ ಹೋಲಿಸದೆ ಪೂರ್ಣ ಯಶಸ್ಸು ಸಂಗೀತದ್ದೇ ಎನ್ನಲಾಗದು. ಚದುರಿದ ಹುಡುಗರು ಮನೆಗೆ ಹೋದರೋ, ಪಕ್ಕದ ಬೀದಿಗೆ ಹೋದರೋ ಎಂಬುದನ್ನೂ ನೋಡಬೇಕು.

ಕಿವಿಗೆ ರಾಗ ತಿಳಿಯದು

ಸಂಗೀತ ಎಷ್ಟೇ ಇಂಪಾಗಿದ್ದರೂ ಒಳಕಿವಿಯ ಸೂಕ್ಷ್ಮ ಜೀವಕೋಶಗಳಿಗೆ ಅದು ಬರೀ ಶಬ್ದದ ಒತ್ತಡ. ದಿನಕ್ಕೆ 8 ಗಂಟೆ 85 ಡೆಸಿಬಲ್‌ ಮೀರಿದ ಶಬ್ದ ಕೇಳಿದರೆ ಕಾಲಕ್ರಮದಲ್ಲಿ ಶ್ರವಣಶಕ್ತಿ ಕುಗ್ಗುತ್ತದೆ. ಶಬ್ದ 3 ಡೆಸಿಬಲ್‌ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. ಆದ್ದರಿಂದ 88 ಡೆಸಿಬಲ್ಲಿಗೆ ಸುರಕ್ಷಿತ ಅವಧಿ 4 ಗಂಟೆ ಮಾತ್ರ.

2023ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ವೆಸ್ಟ್‌ಲೇಕ್ ಮೆಟ್ರೋ ನಿಲ್ದಾಣದಲ್ಲಿ ಮನೆಯಿಲ್ಲದವರು ಮಲಗದಂತೆ ಶಾಸ್ತ್ರೀಯ ಸಂಗೀತ ಹಾಕಿದರು. ಅಲ್ಲಿನ ಪತ್ರಿಕೆಯವರು ಅಳೆದಾಗ ಶಬ್ದ 83 ಡೆಸಿಬಲ್‌ ಆಸುಪಾಸಿನಲ್ಲಿತ್ತು. ಹಾದುಹೋಗುವ ಪ್ರಯಾಣಿಕನಿಗೆ ಅದು ಐದು ನಿಮಿಷದ ಮಾತು. ಆದರೆ ದಿನವಿಡೀ ಅಲ್ಲೇ ದುಡಿಯುವ ಟಿಕೆಟ್ ಸಿಬ್ಬಂದಿ, ಕಸ ಗುಡಿಸುವವರು, ಚಹಾ ಮಾರುವವರ ಗತಿಯೇನು?

ಶಬ್ದದಿಂದ ಕೆಡುವುದು ಕಿವಿಯೊಂದೇ ಅಲ್ಲ. ನಿದ್ದೆ ಮುರಿದಾಗಲೆಲ್ಲ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ರಸಗಳು ಏರುತ್ತವೆ. ನಾಡಿ ಚುರುಕಾಗುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಹತೋಟಿ ತಪ್ಪಬಹುದು. ನಮ್ಮ ಅಜ್ಜನಿಗೆ ಆದದ್ದೂ ಇದೇ. ಬೆಂಚಿಗೆ ಬಿದ್ದ ಕೋಲು ರಕ್ತನಾಳಕ್ಕೂ ಬಿದ್ದಿತ್ತು.

ಹಾಗೆಂದು ಸಂಗೀತ ಕೆಟ್ಟದ್ದಲ್ಲ. ಇಟಲಿಯ ವೈದ್ಯ ಲೂಸಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 24 ಮಂದಿಗೆ ಭಾರತೀಯ ರಾಗವೂ ಸೇರಿ 6 ಬಗೆಯ ಸಂಗೀತ ಕೇಳಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವೇಗದ ಸಂಗೀತ ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸಿತು. ಆದರೆ ಎಲ್ಲಕ್ಕಿಂತ ಹೆಚ್ಚು ಶಮನ ಕಂಡದ್ದು ನಡುವೆ ಇಟ್ಟಿದ್ದ 2 ನಿಮಿಷದ ಮೌನದಲ್ಲಿ!

ನಮ್ಮ ಕಾನೂನೂ ಮೌನದ ಬೆಲೆ ಅರಿತಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಶಬ್ದದ ಮಿತಿ ಹಗಲು 50, ರಾತ್ರಿ 40 ಡೆಸಿಬಲ್‌. ಸಾರಿಗೆ ನಿಗಮವೂ 2021ರ ನವೆಂಬರಿನಲ್ಲಿ ಬಸ್ಸಿನೊಳಗೆ ಮೊಬೈಲ್ ಸ್ಪೀಕರ್ ಹಾಕಿ ಹಾಡು ಕೇಳುವುದನ್ನು ನಿಷೇಧಿಸಿತು.

ಕುಳಿತವರು ಯಾರು?

ರಾತ್ರಿ ಹೊತ್ತು ದಾವಣಗೆರೆಯಲ್ಲೋ ಹರಿಹರದಲ್ಲೋ ಬಸ್ಸು, ರೈಲು ನಿಲ್ದಾಣದತ್ತ ಒಮ್ಮೆ ಕಣ್ಣು ಹಾಯಿಸಿ. ಕಳ್ಳರು, ಕುಡುಕರು ಇರಬಹುದು. ಅವರನ್ನು ಪೊಲೀಸರು ನೋಡಿಕೊಳ್ಳಲಿ. ಜೊತೆಗೆ ಕೊನೆಯ ಬಸ್ಸು ತಪ್ಪಿದ ಹಳ್ಳಿಯವರಿರುತ್ತಾರೆ, ರೋಗಿಯ ಕಡೆಯವರಿರುತ್ತಾರೆ, ಮನೆ ಬಿಟ್ಟು ಬಂದ ಮಗು, ಮನೋರೋಗದಿಂದ ದಿಕ್ಕು ತಪ್ಪಿದವರೂ ಇರಬಹುದು. ಇವರನ್ನು ಓಡಿಸಿದರೆ ಕಾಯಿಲೆ ಓಡುವುದಿಲ್ಲ, ಕತ್ತಲೆಗೆ ಸರಿಯುತ್ತದೆ.

ಓದುಗರೇ, ನೀವು ಮಾಡಬಹುದಾದದ್ದು ಇಷ್ಟು:

1. ಒಂಟಿ ಮಗುವನ್ನು ಕಂಡರೆ 1098ಕ್ಕೆ, ಆಸರೆಯಿಲ್ಲದ ವೃದ್ಧರನ್ನು ಕಂಡರೆ 14567ಕ್ಕೆ ಫೋನ್ ಮಾಡಿ.

2. ಮನೋರೋಗಿ ಅಲೆಯುತ್ತಿದ್ದರೆ ಪೊಲೀಸರಿಗೆ ತಿಳಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ಲಾಕಪ್ಪಿಗೆ ಹಾಕದೆ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸಲಹೆಗೆ ಟೆಲಿ ಮಾನಸ್ 14416 ಇದೆ.

3. ರೋಗಿಯ ಜೊತೆ ಪಟ್ಟಣಕ್ಕೆ ಬರುವಾಗ ರಾತ್ರಿ ತಂಗುವ ಜಾಗ ಮೊದಲೇ ವಿಚಾರಿಸಿ. ನಿಮ್ಮ ಮಾತ್ರೆಗಳನ್ನು ಮರೆಯದೆ ತನ್ನಿ.

4. ಗದ್ದಲದ ನಡುವೆ ದುಡಿಯುವವರು ನಡುನಡುವೆ ಹತ್ತು ನಿಮಿಷ ಸದ್ದಿಲ್ಲದ ಕಡೆ ಕುಳಿತುಕೊಳ್ಳಿ. ಕಿವಿಯಲ್ಲಿ ಗುಂಯ್‌ಗುಟ್ಟಿದರೆ ವೈದ್ಯರನ್ನು ಕಾಣಿ.

ಅಜ್ಜನಿಗೆ ನಾನು ಹೊಸ ಮಾತ್ರೆ ಬರೆಯಲಿಲ್ಲ. ಮೊದಲು ಮಲಗಲು ಒಂದು ಜಾಗ ನೋಡಿಕೊಂಡು, ಎರಡು ದಿನ ಬಿಟ್ಟು ಬರಲು ಹೇಳಿದೆ. ದೂರದ ನೆಂಟರೊಬ್ಬರು ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಟ್ಟರಂತೆ. ಮತ್ತೆ ಬಂದಾಗ ರಕ್ತದೊತ್ತಡ 140/86. "ಏನು ಮಾಡಿದ್ರಿ ಅಜ್ಜಾರೇ?" ಎಂದೆ.

"ಏನೂ ಇಲ್ಲ ಡಾಕ್ಟ್ರೇ, ಮಲಗಿದ್ದೆ" ಎಂದರು.