ಡೊಂಕು ದಾರಿಯ ಗೋಲಿ

ಈ ಬೇಸಿಗೆ ರಜೆಯಲ್ಲಿ ಮೊಮ್ಮಗಳ ಮೇಲೆ ನಾನೊಂದು ಸುಳ್ಳು ಆರೋಪ ಹೊರಿಸಿದೆ. ವೈರಿಂಗ್ ಮಾಡಿಸಿ ಉಳಿದಿದ್ದ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಅವಳು ಗೋಲಿ ಉರುಳಿಸುತ್ತಿದ್ದಳು. ಒಂದು ಪಟ್ಟಿ ನೇರ, ಇನ್ನೊಂದು ಜೋಲು ಬಿದ್ದದ್ದು. ಎರಡೂ ಹೊರಡುವ ಎತ್ತರ ಒಂದೇ, ಮುಟ್ಟುವ ಜಾಗವೂ ಒಂದೇ.

"ತಾತಾ, ಡೊಂಕು ದಾರೀದೇ ಮೊದಲು ಬರುತ್ತೆ!"

"ನೀನೇ ತಳ್ಳಿರ್ತೀಯ" ಎಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಆಮೇಲೆ ನಾನೇ ಕೂತು ಹತ್ತು ಸಲ ಗೋಲಿ ಬಿಟ್ಟೆ. ಹತ್ತು ಸಲವೂ ಡೊಂಕೇ ಗೆದ್ದಿತು.

ನೇರ ದಾರಿ ಗಿಡ್ಡ, ನಿಜ. ಆದರೆ ಡೊಂಕು ದಾರಿ ಶುರುವಿನಲ್ಲೇ ಕಡಿದಾಗಿ ಇಳಿಯುವುದರಿಂದ ಗೋಲಿಗೆ ಬೇಗ ವೇಗ ಬರುತ್ತದೆ. ಹಾಗಂತ ಬಾವಿಯಂತೆ ಇಳಿಸಿದರೆ ದಾರಿ ತೀರಾ ಉದ್ದವಾಗುತ್ತದೆ. ಹಾಗಾದರೆ ಎಷ್ಟು ಡೊಂಕು ಸರಿ?

ವೃತ್ತದ ತುಂಡೇ ಸರಿ ಎಂದು ಗೆಲಿಲಿಯೊ 1638ರಲ್ಲಿ ಎಣಿಸಿದ್ದರು. ಅದು ತಪ್ಪಿತ್ತು. 1696ರಲ್ಲಿ ಯೋಹಾನ್ ಬರ್ನೌಲಿ ಇದೇ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರಿಗೆಲ್ಲ ಸವಾಲಾಗಿ ಹಾಕಿದರು. ನ್ಯೂಟನ್ ಆಗ ಲಂಡನ್ನಿನ ಟಂಕಸಾಲೆಯ ಅಧಿಕಾರಿ. ಸಂಜೆ ದಣಿದು ಮನೆಗೆ ಬಂದವರು ಬೆಳಗಿನ ಜಾವ ನಾಲ್ಕಕ್ಕೆ ಅದನ್ನು ಬಿಡಿಸಿ ಮಲಗಿದರಂತೆ. ಹೇಳಿದ್ದು ಅವರ ಮಲತಂಗಿಯ ಮಗಳು. ಉತ್ತರ ಹೆಸರಿಲ್ಲದೆ ಅಚ್ಚಾಯಿತು. ಉಗುರು ಕಂಡು ಸಿಂಹವನ್ನು ಗುರುತಿಸುವಂತೆ ಬರ್ನೌಲಿ ಗುರುತಿಸಿಬಿಟ್ಟರಂತೆ!

ಉತ್ತರ ಏನು ಗೊತ್ತೇ, ಮಕ್ಕಳೇ? ಸೈಕಲ್ ಚಕ್ರದ ಅಂಚಿಗೆ ಸುಣ್ಣದ ಚುಕ್ಕೆಯಿಟ್ಟು ಉರುಳಿಸಿ. ಚುಕ್ಕೆ ಗಾಳಿಯಲ್ಲಿ ಬರೆಯುವ ಕಮಾನನ್ನು ತಲೆಕೆಳಗು ಮಾಡಿದರೆ, ಅದೇ ಅತಿ ಬೇಗದ ದಾರಿ. ಹೆಸರು ಸೈಕ್ಲಾಯ್ಡ್.

ನಾವು ಶಾಲೆಯಲ್ಲಿ ಮಾಡಿದ ಲೆಕ್ಕಗಳಿಗೆ ಉತ್ತರ ಒಂದು ಸಂಖ್ಯೆ. ಇಲ್ಲಿ ಇಡೀ ಗೆರೆಯೇ ಉತ್ತರ. ಇಂಥ ಲೆಕ್ಕಗಳಿಗೆಲ್ಲ ಹೊಂದುವ ವಿಧಾನವನ್ನು ಆಯ್ಲರ್ 1744ರಲ್ಲಿ ಪುಸ್ತಕವಾಗಿ ಬರೆದರು. 1755ರಲ್ಲಿ ಟ್ಯೂರಿನ್ನಿನಿಂದ ಅವರಿಗೊಂದು ಕಾಗದ ಬಂತು: ಇದಕ್ಕಿಂತ ಸಲೀಸಾದ ದಾರಿ ಇದೆ ಎಂದು. ಬರೆದ ಲಗ್ರಾಂಜ್‌ಗೆ ಆಗ ಬರೀ 19 ವರ್ಷ. ಆಯ್ಲರ್ ಹುಡುಗನನ್ನು ಗದರಲಿಲ್ಲ. ಮೆಚ್ಚಿ ಅವನ ವಿಧಾನವನ್ನೇ ಹಿಡಿದರು, ಅದಕ್ಕೆ 'ಕ್ಯಾಲ್ಕುಲಸ್ ಆಫ್ ವೇರಿಯೇಷನ್ಸ್' ಎಂದು ಹೆಸರಿಟ್ಟರು. ಇದನ್ನು ಓದಿ ನನಗೆ ನಾಚಿಕೆಯಾಯಿತು.

"ತಪ್ಪಾಯ್ತು ಪುಟ್ಟೀ" ಎಂದೆ. ಅವಳು ಆಗಲೇ ಸ್ಟೀಲ್ ಡಬ್ಬಿಯ ಮುಚ್ಚಳ ಉರುಳಿಸಿ ರಟ್ಟಿನ ಮೇಲೆ ಸೈಕ್ಲಾಯ್ಡ್ ಬರೆದು, ಅದೇ ಆಕಾರಕ್ಕೆ ಎರಡು ಪಟ್ಟಿ ಬಗ್ಗಿಸಿದ್ದಳು. ತಳದಲ್ಲಿ ಮರದ ತುಂಡು. ಒಂದು ಗೋಲಿಯನ್ನು ತುದಿಯಿಂದ, ಇನ್ನೊಂದನ್ನು ಅರ್ಧದಿಂದ ಒಟ್ಟಿಗೆ ಬಿಡಲು ನನಗೆ ಹೇಳಿದಳು. ಅರ್ಧದ್ದೇ ಮೊದಲು ಬರುತ್ತದೆ ಎಂದೆ.

ಗೋಲಿ ಎರಡು, 'ಟಕ್' ಸದ್ದು ಒಂದೇ.

"ತಾತಾ, ಈ ಸಲ ತಳ್ಳಿದ್ದು ನೀನಾ?"