ಕಾಲೇಜಿನಲ್ಲಿ ಮಾತು ನಿಂತರೆ

ಗಲಾಟೆ ಇಲ್ಲದ ಕಾಲೇಜೇ ಒಳ್ಳೆಯ ಕಾಲೇಜು ಎಂದು ನಾವು ನಂಬಿದ್ದೇವೆ. ಆದರೆ ಅಲ್ಲಿನ ಮೌನ ಒಪ್ಪಿಗೆಯದೋ ಅಂಜಿಕೆಯದೋ ಎಂದು ವಿಚಾರಿಸುವುದಿಲ್ಲ. ಅಂಜಿಕೆಯದಾದರೆ ಮುಂದೆ ಏನಾಗುತ್ತದೆ ಎಂಬುದಕ್ಕೆ ಪುರಾವೆಗಳಿವೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಕಾರ್ಡು ತೋರಿಸಿದರು. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಆ ಒಂದಕ್ಕೆ ಸಮ ಎಂದು ಹೇಳಬೇಕು, ಅಷ್ಟೆ. ಒಂಟಿಯಾಗಿ ಉತ್ತರಿಸಿದವರು ತಪ್ಪಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಆ ಒಬ್ಬನೂ ಸರಿಸುಮಾರು ಮೂರರಲ್ಲೊಂದು ಸಲ ಹತ್ತರ ಜೊತೆ ಹನ್ನೊಂದಾದ. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗಾದರೆ ಜಾತಿ, ಧರ್ಮ, ಟಿಪ್ಪುವಿನ ವಿಷಯದಲ್ಲಿ ಹೇಗಿರಬೇಡ!

ಬಾಯಿ ಮುಚ್ಚಿಕೊಂಡವರು ಯೋಚಿಸುವುದನ್ನು ಬಿಡುವುದಿಲ್ಲ. ತಮ್ಮಂಥವರನ್ನೇ ಹುಡುಕಿಕೊಂಡು ಹೋಗುತ್ತಾರೆ. 1970ರಲ್ಲಿ ಪ್ರಕಟವಾದ ಮೈಯರ್ಸ್ ಮತ್ತು ಬಿಷಪ್ ಅವರ ಅಧ್ಯಯನದಲ್ಲಿ ಒಂದೇ ಮನೋಭಾವದ ಹೈಸ್ಕೂಲು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ವರ್ಣಭೇದದ ಬಗ್ಗೆ ಚರ್ಚೆ ಮಾಡಿಸಿದರು. ಪೂರ್ವಗ್ರಹ ಹೆಚ್ಚಿದ್ದವರಲ್ಲಿ ಅದು ಇನ್ನೂ ಹೆಚ್ಚಿತು, ಕಡಿಮೆ ಇದ್ದವರಲ್ಲಿ ಇನ್ನೂ ಇಳಿಯಿತು. ನಡುವಿನ ಕಂದಕ ಅಗಲವಾಯಿತು. ಇಂದಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಪ್ರಯೋಗ ಹಗಲೂ ರಾತ್ರಿ ನಡೆಯುತ್ತಿದೆ.

ಮಂಡ್ಯ ಜಿಲ್ಲೆಯಲ್ಲಿ ಇದರ ಸುಳಿವು ಸಿಕ್ಕಿದೆ. 2022ರ ಫೆಬ್ರವರಿ 8ರಂದು ಹಿಜಾಬ್ ತೊಟ್ಟು ಬಂದ ವಿದ್ಯಾರ್ಥಿನಿಯನ್ನು ಕೇಸರಿ ಶಾಲಿನ ಯುವಕರು ಕಾಲೇಜಿನ ಆವರಣದಲ್ಲೇ ಘೋಷಣೆ ಕೂಗುತ್ತ ಹಿಂಬಾಲಿಸಿದರು. ಆಕೆ ಪ್ರತಿಘೋಷಣೆ ಕೂಗಿದಳು. ಅದೇ ದಿನ ಸರ್ಕಾರ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ಮಾತಾಡಲೇಬೇಕಾದ ಹೊತ್ತಿನಲ್ಲಿ ಬಾಗಿಲು ಮುಚ್ಚಿತು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದ ಗಣಪತಿ ಮೆರವಣಿಗೆಯಲ್ಲಿ ಕಲ್ಲು ತೂರಾಟವಾಗಿ ಅಂಗಡಿಗಳು ಸುಟ್ಟವು. ಆ ಬೆಂಕಿಯನ್ನು ಕಾಲೇಜುಗಳ ತಲೆಗೆ ಕಟ್ಟಲಾಗದು. ಆದರೆ ಅಂಥ ಊರಿನಲ್ಲಿ ಎರಡೂ ಸಮುದಾಯಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಜಾಗ ಕಾಲೇಜು ಬಿಟ್ಟರೆ ಎಷ್ಟಿವೆ?

ಪ್ರಶ್ನೆ ಕೇಳಿದರೆ ಕಾವು ಇಳಿಯುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬಿಬ್ಬರು ಎನ್ನುವ ವಾದ 2023ರ ಮಾರ್ಚಿನಲ್ಲಿ ಸಿನಿಮಾದವರೆಗೂ ಹೋಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಆಧಾರ ಎಲ್ಲಿ ಎಂದು ಕೇಳಿದ ಮೇಲೆ ಆ ಸಿನಿಮಾ ನಿಂತಿತು. ಹಾಗೆ ಕೇಳುವುದನ್ನು ಕಲಿಸಬೇಕಾದದ್ದು ಇತಿಹಾಸದ ತರಗತಿ.

ಭಿನ್ನ ಮಾತನ್ನು ಗೌರವಿಸಿದ ನೆಲ ಇದು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ 'ದೇವರು' ಕೃತಿಯಲ್ಲಿ ದೇವರ ಇರವನ್ನೇ ಪ್ರಶ್ನಿಸಿದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ದೇವರನ್ನೇ ಹಾಡಿ 'ಶ್ರೀಹರಿಚರಿತೆ' ಬರೆದರು. ಪಂಪ ಪ್ರಶಸ್ತಿ ಇಬ್ಬರಿಗೂ ಬಂತು.

ಆಶ್ ಅವರ ಇನ್ನೊಂದು ಫಲಿತಾಂಶ ದಾರಿ ತೋರುತ್ತದೆ: ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ತಲೆಯಾಡಿಸುವುದು ಕಾಲುಭಾಗಕ್ಕೆ ಇಳಿಯಿತು. ಆ ಇನ್ನೊಬ್ಬರು ಮೇಷ್ಟ್ರಾಗಬಹುದು, ಮೇಡಂ ಆಗಬಹುದು. ವಾರಕ್ಕೊಂದು ಗಂಟೆ ಚರ್ಚೆಗೆ ಮೀಸಲಿಡಿ. ಮಾತಾಡುವವರು ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ಉತ್ತರ ಕೊಡಲಿ. ಆಧಾರವಿಲ್ಲದೆ ಆರೋಪ ಬೇಡ. ಮೊಬೈಲಿನಲ್ಲಿ ಚಿತ್ರೀಕರಣ ಬೇಡ. ಈ ಸಾಲಿನಲ್ಲೇ ಶುರುವಾಗಲಿ. ಮುಂದಿನ ಗಲಾಟೆಯ ಮರುದಿನ ತಹಸೀಲ್ದಾರರು ಶಾಂತಿಸಭೆ ಕರೆಯುವ ಹೊತ್ತಿಗೆ ತಡವಾಗಿರುತ್ತದೆ.